ಶ್ರುತಿಯ ಗುಂಡಿ

ಹಾರ್ಮೋನಿಯಂ ಮೇಲಿನ ಬಟ್ಟೆ ಸರಿಸಿದ ರುದ್ರವ್ವನ ಕೈ ಅಲ್ಲೇ ನಿಂತಿತು. ಪೆಟ್ಟಿಗೆಯ ಮುಂದಿನ ಶ್ರುತಿಯ ಗುಂಡಿಗಳಲ್ಲಿ ಹೊರಗೆ ಬಂದಿದ್ದುದು ಅವಳ ಕೊರಳಿನ ಶ್ರುತಿಯಾದ ಕರಿ ನಾಲ್ಕಲ್ಲ, ಪಕ್ಕದ ಕರಿ ಐದು. ಗುಂಡಿ ಎಳೆದಿಟ್ಟರೆ ಸಾಕು, ತಿದಿ ಒತ್ತಿದೊಡನೆ ಆ ಶ್ರುತಿ ತಾನಾಗಿ ಹಿಡಿದುಕೊಳ್ಳುತ್ತದೆ. ಮದುವೆಯಾದಾಗಿನಿಂದ ಆ ಪೆಟ್ಟಿಗೆ ಅವಳ ಕೊರಳಿಗೇ ಕಾದಿತ್ತು. ಧಾರವಾಡ ಬಿಟ್ಟು ಪರದೇಶದ ರೆಕ್ಸ್‌ಡೇಲಿನ ಈ ಬೇಸ್‌ಮೆಂಟ್ ಮನೆಗೆ ಬಂದ ಮೇಲೂ ಅವಳ ಗುಂಡಿಯನ್ನು ಯಾರೂ ಒಳಗೆ ತಳ್ಳಿರಲಿಲ್ಲ.

"ಏನ್ರೀ, ಪೆಟ್ಟಿಗಿ ಈಗ ಯಾರ ಕೊರಳಿಗೆ ಒಗ್ಗೇತಿ?"

ಗಂಡ ನಿಜಗುಣ ಕನ್ನಡಕದ ಮೇಲಿಂದ ನೋಡಿದ. "ಜಯಲಕ್ಷ್ಮಿಯವರದು ಕರಿ ಐದು. ಶನಿವಾರ ಲೈಬ್ರರಿ ಪ್ರೋಗ್ರಾಮ್ ಐತಲ್ಲ."

ಜಯಲಕ್ಷ್ಮಿ ಮೈಸೂರಿನವಳು, ಇಲ್ಲೇ ಹತ್ತಿರದ ಮೆಡೋವೇಲಿನಲ್ಲಿ ಇಂಜಿನಿಯರು. ನಿಜಗುಣ ಊರಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವನು. ಹದಿನೆಂಟನೇ ಶತಮಾನದ ಇಂಗ್ಲಿಷ್ ಭಾವಗೀತೆ ಓದುವ ಗುಂಪಿನಲ್ಲಿ ಪರಿಚಯವಾಗಿ, ಒಂದು ಪದ್ಯವನ್ನು ಶನಿವಾರಕ್ಕೆಂದು ಇಬ್ಬರೂ ಬಾಗೇಶ್ರೀ ರಾಗಕ್ಕೆ ಕೂರಿಸಿದ್ದರು. ಇಂಗ್ಲಿಷ್ ಬಾರದ ರುದ್ರವ್ವ ಮಗಳು ಅಕ್ಷರಾಳನ್ನು ಹಿಡಿದು ಕೂಡಿಸಿದಳು.

"ಆ ಹಾಡಿನಾಗ ಏನೈತಿ ಹೇಳ ಯವ್ವಾ."

"ಮಿಥ್ ಅವ್ವಾ. ಒಬ್ಬ ಸಿಂಗರ್, ವೈಫ್ ಸತ್ತಳು. ಹಾಡ್ತಾ ಡೆತ್ ಗಾಡ್ ಹತ್ರ ಹೋದ. ಆ ಗಾಡೇ ಅತ್ತುಬಿಟ್ಟ! ಕರ್ಕೊಂಡು ಹೋಗು, ಬಟ್ ಡೋಂಟ್ ಲುಕ್ ಬ್ಯಾಕ್ ಅಂದ."

"ತಿರುಗಿ ನೋಡಿದ್ನೇನು?"

"ಯಾ. ನೋಡಿದ. ಶಿ ವಾಸ್ ಗಾನ್."

"ಹುಚ್ಚಪ್ಪ! ನಮ್ಮ ಕಡೆ ಯಮನ ಬೆನ್ನು ಹತ್ತಿದಾಕಿ ಹೆಂಡ್ತಿ. ಗಂಡನ್ನ ಕರಕೊಂಡೇ ಬಂದ್ಲು," ಎಂದಳು ರುದ್ರವ್ವ. ಮಗಳು ನಕ್ಕಳು, ಅವಳು ನಗಲಿಲ್ಲ.

ಶನಿವಾರ ಪೋರ್ಟ್ ಕ್ರೆಡಿಟ್‌ನ ಲೈಬ್ರರಿಯಲ್ಲಿ ಕುರ್ಚಿಗಳನ್ನು ಎರಡು ಸುತ್ತಾಗಿ ದುಂಡಗೆ ಇಟ್ಟಿದ್ದರು. ಪೆಟ್ಟಿಗೆ ಕಾಯಲು ರುದ್ರವ್ವನನ್ನು ಬಿಟ್ಟು ನಿಜಗುಣ ಕಾರು ನಿಲ್ಲಿಸಲು ಹೋದ. ಮುಂಜಾನೆಯ ವಿಭೂತಿ ಅವಳ ಹಣೆಯ ಮೇಲೆ ಇನ್ನೂ ಹಾಗೇ ಇತ್ತು. ಶಿವಶಿವಾ ಎನ್ನುತ್ತಲೇ ಕರಿ ಐದನ್ನು ಒಳಗೆ ತಳ್ಳಿದಳು, ಕರಿ ನಾಲ್ಕನ್ನು ಹೊರಗೆ ಎಳೆದಳು. ಗಂಡನ ಜಾಗದ ಹಿಂದಿನ ಕುರ್ಚಿಯಲ್ಲಿ ಹೋಗಿ ಕುಳಿತಳು.

ನಿಜಗುಣ ತಿದಿ ಒತ್ತಿದ. ರುದ್ರವ್ವನ ಶ್ರುತಿ ಆ ಕೋಣೆಯ ತುಂಬ ಎದ್ದು ನಿಂತಿತು. ಬಾಯಿ ತೆರೆದ ಜಯಲಕ್ಷ್ಮಿ ಗಲಿಬಿಲಿಗೊಂಡಳು. "ಸರ್, ಇದು ನನ್ನ ಶ್ರುತಿ ಅಲ್ವಲ್ಲಾ?"

ಅವನ ಬೆರಳು ಗುಂಡಿಗೆ ಹೋಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಆ ದನಿಯನ್ನು ಕೇಳಿದ. ತಿರುಗಬ್ಯಾಡ, ತಿರುಗಬ್ಯಾಡ ಎಂದು ರುದ್ರವ್ವ ಸೆರಗಿನ ತುದಿ ಹಿಂಡಿದಳು. ನಿಜಗುಣ ಕತ್ತು ತಿರುಗಿಸಿ ಅವಳನ್ನು ನೋಡಿದ. ಬೈಗುಳವಿದ್ದ ನೋಟವಾಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಆ ನೋಟದಲ್ಲಿ ಬೈಗುಳವೇ ಇರಲಿಲ್ಲ.

ಗುಂಡಿ ಬದಲಾಯಿತು. ಜಯಲಕ್ಷ್ಮಿ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಒಂದಕ್ಷರ ತಿಳಿಯದಿದ್ದರೂ ಹಾಡಿನ ಹೆಂಡತಿ ಕತ್ತಲಲ್ಲಿ ಕರಗಿದ್ದು ಯಾವ ಸಾಲಿನಲ್ಲಿ ಎಂದು ರುದ್ರವ್ವನಿಗೆ ಗೊತ್ತಾಯಿತು. ಅವಳು ತಲೆ ಎತ್ತಲಿಲ್ಲ.



ಸೋಮವಾರ ಶಿವನ ಪೂಜೆ ಮುಗಿಯಿತು. ಎಂದಿನಂತೆ ರುದ್ರವ್ವ ಹಾಡಿಗೆ ಕುಳಿತಳು. ನಿಜಗುಣ ಪೆಟ್ಟಿಗೆ ತಂದು ಇಬ್ಬರ ನಡುವೆ ಇಟ್ಟ, ಗುಂಡಿಗಳ ಮುಖ ಅವಳ ಕಡೆಗೆ. ಕರಿ ಐದೂ ಸೇರಿ ಎಲ್ಲವೂ ಒಳಗೇ ಇದ್ದವು. ಅವನು ತನ್ನ ಕಡೆಯ ತಿದಿ ಒತ್ತತೊಡಗಿದ. ದನಿಯಿಲ್ಲ, ಬರೀ ಉಸಿರು.

ಗುಂಡಿಗೆ ಕೈ ಚಾಚುವ ಮೊದಲು ರುದ್ರವ್ವ ಬೆರಳಿಗೆ ಹತ್ತಿದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡಳು.