ಶುಕ್ರವಾರದ ದಿಕ್ಕು

ಬಸವಕಿರಣನ ಮುಖದ ನೀರಿಳಿಸಬೇಕು ಎಂದು ನಾನು ಹಟ ತೊಟ್ಟದ್ದು ಒಂದು ಮಂಗಳವಾರ, ಕೈಯಲ್ಲಿ ಚಹಾದ ಟ್ರೇ ಹಿಡಿದುಕೊಂಡು. ಅವನ ಮಟ್ಟಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನಮ್ಮದು ಕಸೂತಿ ಸೀರೆಗಳ ಸಂಸ್ಥೆ. ಆಫೀಸು ಹಳೇ ಹುಬ್ಬಳ್ಳಿಯಲ್ಲಿ, ಹೊಲಿಯುವ ಹೆಂಗಸರು ಲಕಮನಹಳ್ಳಿಯ ಶೆಡ್ಡಿನಲ್ಲಿ. ಆಫೀಸಿನ ಕಂಪ್ಯೂಟರಿನಲ್ಲಿ ನಾನು ಗೋಪುರ, ಆನೆ, ನವಿಲುಗಳ ನಕ್ಷೆ ಬರೆಯುತ್ತೇನೆ. ಶೆಡ್ಡಿನ ಕಂಪ್ಯೂಟರಿನಲ್ಲಿ ಖಾತುನಬಿ, ನಮಗೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಅವನ್ನು ತಿದ್ದುತ್ತಾಳೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಸೂಜಿ ಹೊರಟಲ್ಲಿಗೇ ತಿರುಗಿ ಬರಬೇಕು, ಬಟ್ಟೆಯ ಹಿಂಬದಿಯೂ ಮುಂಬದಿಯ ಹಾಗೇ ಕಾಣಬೇಕು. ನನ್ನ ನಕ್ಷೆಯಲ್ಲಿ ಸೂಜಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ನಲವತ್ತು ವರ್ಷ ಹೊಲಿದ ಅವಳ ಕಣ್ಣಿಗಷ್ಟೇ ಗೊತ್ತಾಗುತ್ತದೆ.

ಶೆಡ್ಡಿನ ಇಂಟರ್ನೆಟ್ಟೋ, ದೇವರೇ ಗತಿ. ಒಂದು ಫೋಟೊ ಹೋಗಿ ಮುಟ್ಟುವಷ್ಟರಲ್ಲಿ ಊಟ ಮುಗಿಸಿ ಬರಬಹುದು. ಮೊದಲೆಲ್ಲ ನಾನೇ ಪೆನ್‌ಡ್ರೈವ್ ಹಿಡಿದು ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಾಕಾಗಿ, ಎರಡು ತಿಂಗಳು ತಲೆ ಕೆಡಿಸಿಕೊಂಡು ಒಂದು ಯೋಜನೆ ಹಾಕಿದೆ. ಎಲ್ಲರೂ ಮನೆಗೆ ಹೋದ ಮೇಲೆ, ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ, ಎರಡೂ ಕಂಪ್ಯೂಟರುಗಳು ತಾವಾಗಿಯೇ ಫೈಲು ಕಳಿಸಿಕೊಳ್ಳಬೇಕು. ಹಗುರಾದ ನಕ್ಷೆ ಮೊದಲು, ಭಾರದ ಫೋಟೊ ಕೊನೆಗೆ. ಸೋಮವಾರದಿಂದ ಗುರುವಾರದವರೆಗೆ ಹುಬ್ಬಳ್ಳಿಯಿಂದ ಹೊಸ ನಕ್ಷೆಗಳಷ್ಟೇ ಹೋಗಬೇಕು. ಶುಕ್ರವಾರ ನಮಾಜಿಗೆಂದು ಖಾಲಾ ಮಧ್ಯಾಹ್ನಕ್ಕೇ ಕೆಲಸ ಮುಗಿಸುತ್ತಾಳೆ. ಹಾಗಾಗಿ ಅಂದು ರಾತ್ರಿ ಹಳೆಯದು ಹೊಸದು ಸೇರಿ ಎಲ್ಲ ಫೈಲುಗಳ ಹೊಂದಾಣಿಕೆ, ಅದೂ ಉಲ್ಟಾ ದಿಕ್ಕಿನಲ್ಲಿ. ಅವಳು ತಿದ್ದಿದ್ದು ಇಲ್ಲಿಗೆ ಬಂದು ನನ್ನ ಹಳೆಯ ನಕ್ಷೆಗಳ ಜಾಗದಲ್ಲಿ ಕೂರಬೇಕು. ಈ ದಿಕ್ಕನ್ನು ಪ್ರತಿ ಶುಕ್ರವಾರ ಸಂಜೆ ನಾನೇ ಕೈಯಿಂದ ಬದಲಿಸುತ್ತಿದ್ದೆ. ಯೋಜನೆಯನ್ನೆಲ್ಲ ಚಿತ್ರ ಸಮೇತ ಬರೆದಿಟ್ಟ ನನ್ನ ನೋಟ್‌ಬುಕ್ಕಿನಲ್ಲಿ ಅದೊಂದನ್ನು ಬರೆದಿರಲಿಲ್ಲ.

ಆ ಮಂಗಳವಾರ ಹೊರಗಿನವರೂ ಇದ್ದ ಮೀಟಿಂಗಿನಲ್ಲಿ ಒಡತಿ ವಾಣಿಶ್ರೀ ಮೇಡಂ ಅವರ ತಮ್ಮ, ನಮ್ಮ ಮ್ಯಾನೇಜರ್ ಬಸವಕಿರಣ, ನನ್ನ ನೋಟ್‌ಬುಕ್ಕಿನ ಚಿತ್ರಗಳನ್ನೇ ಪರದೆಯ ಮೇಲೆ ಹಾಕಿ, ಕೆಳಗೆ ತನ್ನ ಹೆಸರು ಬರೆದುಕೊಂಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ತಮ್ಮನ ಬೆನ್ನು ತಟ್ಟಿದರು.

"ಜಯಮಾಲಾ, ಎಲ್ಲಾರಿಗೂ ಚಾ ಕೊಡ್ರಿ" ಎಂದ ಅವನು, ನನ್ನ ಮುಖ ಕೂಡ ನೋಡದೆ.

ಕೊಟ್ಟೆ. ಅವನ ಕಪ್ಪಿಗೆ ಸಕ್ಕರೆ ಹಾಕಲಿಲ್ಲ, ಅದು ಬೇರೆ ಮಾತು.

ಶುಕ್ರವಾರ ಮಧ್ಯಾಹ್ನ, ಖಾಲಾ ಮನೆಗೆ ಹೋದ ಮೇಲೆ, ಲಕಮನಹಳ್ಳಿಗೆ ಹೋಗಿ ಅವಳು ಆ ವಾರ ತಿದ್ದಿದ್ದ ಮೂವತ್ತೊಂದು ನಕ್ಷೆಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಯಾರ ಕೆಲಸವನ್ನೂ ಹಾಳು ಮಾಡುವವಳಲ್ಲ ನಾನು. ಅವನ ಸೊಕ್ಕು ಮುರಿದರೆ ಸಾಕಿತ್ತು. ಸಂಜೆ ಆಫೀಸಿಗೆ ಬಂದು ಅವನ ಮುಂದೆ ನಿಂತೆ.

"ಸರ್, ನಾಳೆ ರಜಾ ಬೇಕ್ರಿ. ಈಗ ಲಗೂನ ಹೊಂಟೇನಿ. ಇವತ್ತ ರಾತ್ರಿದು ನೀವ ಚಾಲೂ ಮಾಡಿ ಹೋಗ್ರಿ. ಹೆಂಗೂ ಪ್ಲಾನ್ ನಿಮ್ದ ಐತಲ್ಲ."

"ಅದೇನ್ ದೊಡ್ಡದು, ಒಂದ್ ಬಟನ್ ಒತ್ತೂದು."

"ಹೌದ್ರಿ, ಒಂದ ಬಟನ್."

ಎರಡು ದಿನ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಮೇಡಂ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಆ ವಾರ ತಿದ್ದಿದ ಒಂದು ನಕ್ಷೆಯೂ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಬಸವಕಿರಣ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಖಾಲಾ ಎದ್ದು ನಿಂತಳು. ಕಣ್ಣು ಕೆಂಪಗಿದ್ದವು, ಕೈಯಲ್ಲಿ ಒಂದು ಕಟ್ಟು ಚೌಕಳಿ ಹಾಳೆ.

"ತಪ್ಪ ನಂದೈತ್ರಿ ಮೇಡಂ. ಕಣ್ಣು ಮಂಜ ಆಗ್ಯಾವ. ಶುಕ್ರವಾರ ಹೋಗೂ ಮುಂದ ಏನೋ ಒತ್ತಬಾರದ್ದ ಒತ್ತೇನಿ. ಶನಿವಾರ ನೋಡಿದ್ರ ಎಲ್ಲಾ ಅಳಿಸಿ ಹೋಗಿತ್ತು. ಎರಡ ದಿನ ಕುಂತು ನೆನಪಿಲೆ ಮತ್ತ ಬರದೇನಿ, ಮೂವತ್ತೊಂದೂ ಅದಾವು. ಇನ್ನ ನನ್ನ ಕೈಲೆ ಆಗಂಗಿಲ್ಲ. ಬ್ಯಾರೆದವರನ್ನ ನೋಡ್ಕೋರಿ."

"ವಯಸ್ಸಾತಲ್ಲ ಅಕ್ಕಾ ಅವ್ರಿಗೆ" ಎಂದ ಬಸವಕಿರಣ, ಮೆಲ್ಲಗೆ. "ಆಗ್ತೇತಿ. ಬ್ಯಾರೆ ವ್ಯವಸ್ಥಾ ಮಾಡೂಣು."

ಆ ಮುದುಕಿಯ ಬೆನ್ನ ಹಿಂದೆ ಅಡಗಿಕೊಂಡುಬಿಟ್ಟನಲ್ಲ, ನಾಚಿಕೆಗೇಡಿ. ನನಗೆ ತಡೆಯಲಾಗಲಿಲ್ಲ.

"ಸರ್, ಶುಕ್ರವಾರ ಯಾವ ಕಡಿಂದ ಯಾವ ಕಡಿಗೆ ಕಳಿಸಿದ್ರಿ?"

"ದಿನಾ ಹೆಂಗೋ ಹಂಗ. ಹುಬ್ಬಳ್ಳಿಯಿಂದ ಇಲ್ಲಿಗೆ."

"ಶುಕ್ರವಾರ ಉಲ್ಟಾ ಮಾಡಬೇಕ್ರಿ. ಇಲ್ಲಂದ್ರ ಖಾಲಾ ತಿದ್ದಿದ್ದರ ಮ್ಯಾಲೆ ನನ್ನ ಹಳೇ ನಕ್ಷಿ ಬಂದು ಕುಂದರ್ತಾವು. ಪ್ಲಾನ್ ನೀವ ಮಾಡಿದ್ರ ನಿಮಗ ಗೊತ್ತಿರತಿತ್ತು."

ಮೇಡಂ ತಮ್ಮನ ಕಡೆ ತಿರುಗಿದರು. "ಕಿರಣ, ಖರೇ ಹೇಳು. ಈ ಪ್ಲಾನ್ ಯಾರದು?"

ಅವನು ನೆಲ ನೋಡಿದ. "ಜಯಮಾಲಾ ಅವರದು" ಎಂದ.

ನಾಲ್ಕು ಜನರ ಮುಂದೆ, ಅವನದೇ ಬಾಯಿಂದ. ನನ್ನ ಹೊಟ್ಟೆ ತಣ್ಣಗಾಯಿತು. ಆ ಹಿಗ್ಗಿನಲ್ಲೇ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟೆ. "ಖಾಲಾನ ನಕ್ಷಿ ಎಲ್ಲಾ ಇದರಾಗ ಅದಾವ್ರಿ. ಒಂದೂ ಹೋಗಿಲ್ಲ."

ಖಾಲಾ ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ಶುಕ್ರವಾರದಿಂದ ನಿನ್ನ ಹತ್ರನ ಇತ್ತೇನ ಇದು?"

"ಹೌದು, ಖಾಲಾ."

ಅವಳು ಹಾಳೆಗಳ ಅಂಚನ್ನು ನಿಧಾನವಾಗಿ ಸರಿಮಾಡಿ, ಕಟ್ಟನ್ನು ನನ್ನ ಕೈಗೆ ಕೊಟ್ಟಳು.

"ತಗೋ. ಇವಕ್ಕೂ ನಿನ್ನ ಹೆಸರ ಬರಕೋ."