ಹಿಡಿಯ ಮೇಲಿನ ಗೆರೆ

ಮೊದಲು ನಾನು ಬೊಂಬೆ ಕಡೆಯುವ ಆಲೆಮರದ ಒಂದು ತುಂಡಾಗಿದ್ದೆ. ಚನ್ನಪಟ್ಟಣದ ನಂಜುಂಡಾಚಾರಿ ನನ್ನನ್ನು ಲೇತಿಗೆ ಸಿಕ್ಕಿಸಿ ಕಡೆದರು. ತಿರುಗುತ್ತಿರುವಾಗಲೇ ಹಳದಿ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಹೊಟ್ಟೆಯೊಳಗೆ ನಾಲ್ಕು ಮಣಿ ಹಾಕಿ ಮುಚ್ಚಿದರು. ಕೊನೆಗೆ ಹಿಡಿಯ ಮೇಲೆ ಉಳಿಯಿಂದ ಆಳವಿಲ್ಲದ ಒಂದು ಗೆರೆ ತೆಗೆದರು. ಹೀಗೆ ನಾನು ಗಿಲಕಿಯಾದೆ.

ಆದರೆ ಯಾವ ಮಗುವಿನ ಕೈಗೂ ನಾನು ಹೋಗಲಿಲ್ಲ. ವಿನ್ಯಾಸ ಓದಿದ್ದ ಅವರ ಮಗಳು ಕುಮುದ ಮಾದರಿಯಾಗಿ ತೋರಿಸಲು ನನ್ನನ್ನು ಎತ್ತಿಕೊಂಡಳು. ಪರದೇಶದ ಒಂದು ಆಟಿಕೆ ಕಂಪನಿಯವರು ಅವಳನ್ನು ಕೆಲಸಕ್ಕಾಗಿ ಲ್ಯಾಪ್‌ಟಾಪಿನಲ್ಲೇ ಸಂದರ್ಶನ ಮಾಡುವವರಿದ್ದರು.

ಮೊದಲ ಸುತ್ತಿನಲ್ಲೇ, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಕುಮುದ ಇಂಗ್ಲಿಷಿನಲ್ಲಿ, ನಾನೇ ಎಂದಳು. ಅವಳ ಮುಖಕ್ಕೆ ಬೆಳಕು ಬೀಳಲೆಂದು ಲ್ಯಾಪ್‌ಟಾಪಿನ ಹಿಂದೆ ದೀಪ ಹಿಡಿದು ನಿಂತಿದ್ದ ಅಪ್ಪನಿಗೆ ಇಂಗ್ಲಿಷ್ ಬಾರದು. ಮಗಳು ಧೈರ್ಯವಾಗಿ ಮಾತಾಡುತ್ತಿದ್ದಾಳೆಂದು ಅವರ ಮುಖ ಅರಳಿತು. ಅವಳ ಅಂಗೈ ಬೆವರಿದ್ದು ನನಗೆ ಮಾತ್ರ ಗೊತ್ತು.

ಎರಡನೆಯ ಸುತ್ತಿಗೆ ಬೇರೆ ಮುಖಗಳು ಬಂದವು. ಪ್ರಶ್ನೆ ಅದೇ, ಸುಳ್ಳೂ ಅದೇ. ಮೂರನೆಯದಕ್ಕೆ ಹತ್ತು ದಿನ ಕೂತು ಹೊಸ ಆಟಿಕೆಗಳ ಚಿತ್ರ ಬರೆದು ಕಳಿಸಿದಳು. ಅದರ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ನಾಲ್ಕನೆಯ ಸುತ್ತಿನ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂಜೆಯವರೆಗೆ ಕಾದಳು, ಅಪ್ಪ ದೀಪ ಹಿಡಿದೇ ಇದ್ದರು. ಪರದೆಯಲ್ಲಿ ಯಾರೂ ಬರಲಿಲ್ಲ. ಅದು ಮುಂದಿನ ವಾರಕ್ಕೆ ಹೋಯಿತು.

ಪಕ್ಕದ ಮನೆಯ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಕೇಳಿದರು, “ಕೆಲ್ಸ ಕೊಡ್ತಾರೋ, ಸೊಸೆ ಮಾಡ್ಕೋತಾರೋ? ಗಂಡಿನ ಕಡೆಯೋರೂ ಇಷ್ಟು ಸಲ ನೋಡಾಕಿಲ್ಲ ಕಣಮ್ಮಿ.”

ಐದನೆಯ ಸುತ್ತಿನಲ್ಲಿ ನೆರೆಗೂದಲಿನ ಹೆಂಗಸೊಬ್ಬಳು ನನ್ನನ್ನು ಹತ್ತಿರ ಹಿಡಿಯಲು ಹೇಳಿದಳು. ಹಿಡಿಯ ಮೇಲೆ ಈ ಗೆರೆ ಯಾಕೆ ಎಂದಳು. ಕುಮುದ ನನ್ನನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಆಮೇಲೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಆ ಹೆಂಗಸು ಮತ್ತೇನೂ ಕೇಳಲಿಲ್ಲ.

ಪರದೆ ಆರಿದ ಮೇಲೆ ಅಪ್ಪ ಕೇಳಿದರು, “ಗೆರೆ ತೋರ್ಸಿದ್ಯಲ್ಲ, ಏನಂದೆ?”

“ಚೆಂದಕ್ಕೆ ಅಂದೆ.”

ಅವರು ದೀಪದ ತಂತಿ ಸುತ್ತತೊಡಗಿದರು. “ಹಲ್ಲು ಬರೋವಾಗ ನೀನು ಗಿಲಕಿ ಹಿಡೀನ ಅಲ್ಲೇ ಕಚ್ತಿದ್ದೆ ಕಣವ್ವ. ಆವತ್ತಿಂದ ಎಲ್ಲಾ ಗಿಲಕಿಗೂ ಅಲ್ಲೊಂದು ಗೆರೆ ತೆಗೀತೀನಿ. ಮಗೀನ ವಸಡು ಅದ್ರಲ್ಲಿ ಕೂರ್ತದೆ.”

ಕುಮುದ ನನ್ನ ಗೆರೆಯ ಮೇಲೆ ಬೆರಳಿಟ್ಟಳು. ತಲೆಯೆತ್ತುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು.

ಮರುದಿನ ಅವಳು ಆ ಕಂಪನಿಗೆ, ಗಿಲಕಿ ಮಾಡಿದ್ದು ನಮ್ಮಪ್ಪ, ನಾನಲ್ಲ ಎಂದು ಬರೆದಳು. ತಿಂಗಳಾದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಕೆಲಸವಿಲ್ಲ ಎಂದಿತ್ತು. ಅವಳು ಬರೆದದ್ದರ ಸುದ್ದಿಯೇ ಇರಲಿಲ್ಲ.

ಕೆಲಸ ಸಿಗಲಿಲ್ಲವೆಂದಷ್ಟೇ ಅಪ್ಪನಿಗೆ ಹೇಳಿದಳು. ಅವರು ನನ್ನನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. “ಇದ್ರಲ್ಲೇ ಏನೋ ಐಬಿತ್ತೇನೋ. ನಂಗೂ ಕಣ್ಣು ಮಂಜು. ಇನ್ನೊಂದು ಕಡ್ಕೊಡ್ಲಾ?”

ಬೇಡ ಎಂದಳು. ಒಳಗೆ ಹೋದಳು.

ಈಗ ನನ್ನ ಹಳದಿ ಮಾಸಿದೆ. ಲೇತಿನ ಪಕ್ಕದ ಗೂಡಿನಲ್ಲಿದ್ದೇನೆ. ದೂರದ ಅಪರಿಚಿತರಿಗೆ ಬರೆದ ಮಾತನ್ನು ಕುಮುದ ಈ ಮನೆಯಲ್ಲಿ ಇನ್ನೂ ಆಡಿಲ್ಲ. ಕೆಲವು ಮಧ್ಯಾಹ್ನ ಅಪ್ಪ ನನ್ನನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ತಪ್ಪು ಎಲ್ಲಿದೆಯೆಂದು ಹುಡುಕುತ್ತಾರೆ. ಆಗ ಒಳಬಾಗಿಲಲ್ಲಿ ಕುಮುದ ನೆಲ ನೋಡುತ್ತಾ ನಿಂತಿರುತ್ತಾಳೆ. ನಾನು ಗಿಲಕಿ. ಅಲ್ಲಾಡಿಸಿದರೆ ಸದ್ದು ಮಾಡುತ್ತೇನೆ. ಹೇಳಬೇಕಾದ್ದನ್ನು ಹೇಳಲಾರೆ.