ಸದ್ದು ಕೇಳಿಸದ ಪಂಪು

"ಲೇ ಕತ್ತೆ ನನ್ಮಗನೇ, ಪಂಪನ್ನ ತಂದು ನನ್ನ ಕುರ್ಚಿ ಪಕ್ಕ ಯಾಕೋ ಇಳಿಸ್ದೆ? ನಾನು ಕೊಳ ಕಟ್ಸಿರೋದು ಈಜೋಕಾ, ಗಿರಣಿ ಸದ್ದು ಕೇಳೋಕಾ? ಎತ್ತು! ಆ ಮೂಲೆ ಗೋಡೆಗೆ ಒತ್ತಿ ಇಡು," ಎಂದು ಯಜಮಾನ ಗದರಿದ.

ಮಾಲಿ ಆಗಷ್ಟೇ ಇಳಿಸಿದ್ದ ಪಂಪನ್ನು ತೊಡೆಗೆ ಆನಿಸಿಕೊಂಡು ಮತ್ತೆ ಎತ್ತಿದ. ಹೊಸ ಈಜುಕೊಳವನ್ನು ಸುತ್ತಿ, ಕಾಂಪೌಂಡಿನ ಮೂಲೆಗೆ ಹೊತ್ತುಕೊಂಡು ಹೋದ. ಆ ಮೂಲೆಯ ಗೋಡೆ ಅವನದೇ ಮನೆಯ ಗೋಡೆ. ಮನೆಯೆಂದರೆ ಯಜಮಾನ ಕೊಟ್ಟ ಒಂದು ಕೋಣೆ. ಅದರೊಳಗೆ ಒಂದು ಕಬ್ಬಿಣದ ಮಂಚ, ಒಂದು ಸ್ಟೌ, ಪಾತ್ರೆಯ ಹಲಗೆ, ತಲೆಯೆತ್ತರದಲ್ಲಿ ಒಂದು ಕಿಂಡಿ.

ಒಳಗೆ ಅವನ ಹೆಂಡತಿ ಮಗುವನ್ನು ತಟ್ಟುತ್ತಾ ಕೂತಿದ್ದಳು. ದೊಡ್ಡ ಮನೆಯ ಕಸ, ಮುಸುರೆ, ಬಟ್ಟೆ ಮುಗಿಸಿ ಬಂದು ಇನ್ನೂ ಸೆರಗಿನ ಒದ್ದೆ ಆರಿರಲಿಲ್ಲ. ಮಗುವಿಗೆ ಹಲ್ಲು ಬರುತ್ತಿತ್ತು, ಮೈ ಬೆಚ್ಚಗಿತ್ತು. ಹಿಂದಿನ ರಾತ್ರಿಯಿಂದ ಅತ್ತೂ ಅತ್ತೂ ಈಗಷ್ಟೇ ಕಣ್ಣು ಮುಚ್ಚಿತ್ತು.

ಅಂಗಡಿಯವನು ಎರಡು ಪಂಪು ತಂದಿದ್ದ. ಕರಿಯದು ಅಗ್ಗ. ಬೂದು ಬಣ್ಣದ್ದು ದುಬಾರಿ. ಎರಡನ್ನೂ ಓಡಿಸಿ ನೋಡಿ, ಒಂದನ್ನು ಇಟ್ಟುಕೊಳ್ಳುವುದೆಂದು ಮಾತಾಗಿತ್ತು.

"ರಾತ್ರಿಯೆಲ್ಲ ಓಡ್ತಿರ್ಬೇಕು ಸಾರ್, ಇಲ್ದಿದ್ರೆ ನೀರು ಪಾಚಿ ಕಟ್ಟುತ್ತೆ. ಅದಕ್ಕೇ ಸದ್ದು ನೋಡ್ಕೊಂಡು ಆರಿಸ್ಕೊಳ್ಳಿ."

ಯಜಮಾನ ಕೊಳದ ಪಕ್ಕದ ಒರಗುಕುರ್ಚಿಯಲ್ಲಿ ಕಾಲು ಚಾಚಿ, ಪರೀಕ್ಷೆಗೆಂದು ಕಣ್ಣು ಮುಚ್ಚಿದ. ಅಂಗಡಿಯವನು ಮೂಲೆಗೆ ಹೋಗಿ ಕರಿ ಪಂಪಿನ ಸ್ವಿಚ್ಚು ಒತ್ತಿದ.

ಕೋಣೆಯ ಗೋಡೆ ಗುಡುಗತೊಡಗಿತು. ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

"ಕೇಳಿಸ್ತಾ ಸಾರ್?" ಅಂಗಡಿಯವನು ಕೂಗಿ ಕೇಳಿದ.

"ಇಲ್ಲಪ್ಪಾ!" ಎಂದ ಯಜಮಾನ.

"ಕೇಳಿಸ್ತು!" ಎಂದಿತು ಕಿಂಡಿ.

ಯಜಮಾನ ಕಣ್ಣು ಬಿಟ್ಟ. "ಯಾವಳೇ ಅದು?"

"ನಾನೇ ಸ್ವಾಮಿ. ಹಲ್ಲು ಉದುರೋ ಹಾಗೆ ಕೇಳಿಸ್ತು. ನನ್ನ ಮಗೂಗೆ ಇನ್ನೂ ಬರ್ತಾ ಇವೆ ಅಷ್ಟೇ."

"ನಿನ್ನ ಯಾರೇ ಕೇಳಿದ್ದು, ಮುಂಡೇದೇ? ಬಾಯಿ ಮುಚ್ಕೊಂಡು ಬಿದ್ದಿರು!"

ಅಂಗಡಿಯವನು ಕರಿಯದನ್ನು ಕಳಚಿ ಬೂದು ಪಂಪು ಜೋಡಿಸಿದ. ಅದು ಕುದಿಯುವ ಪಾತ್ರೆಯಂತೆ ಮೆಲ್ಲಗೆ ಗುನುಗಿತು. ಲೋಟಗಳು ಅಲ್ಲಾಡಲಿಲ್ಲ. ಮಗು ಬಿಕ್ಕುತ್ತಾ ಅಮ್ಮನ ಹೆಗಲಿಗೆ ತಲೆಯಿಟ್ಟಿತು.

"ಇದು ಕೇಳಿಸ್ತಾ ಸಾರ್?"

"ಇದೂ ಇಲ್ಲ."

"ಇದು ಪರವಾಗಿಲ್ಲ!" ಎಂದಿತು ಕಿಂಡಿ. "ಇದನ್ನೇ ಹಾಕ್ಸಿ!"

ಅಂಗಡಿಯವನಿಗೆ ನಗು ಬಂತು; ಯಜಮಾನನ ಮುಖ ನೋಡಿ ಕೆಮ್ಮಿದ.

"ಬೂದು ಬಣ್ಣದ್ದು ವಾಪಸ್ ತಗೊಂಡ್ಹೋಗು," ಎಂದ ಯಜಮಾನ. "ನನಗೆ ಎರಡೂ ಕೇಳಿಸಿಲ್ಲ. ಕೇಳಿಸ್ದೇ ಇರೋ ಸದ್ದಿಗೆ ನಾನ್ಯಾಕೆ ದುಡ್ಡು ಸುರೀಲಿ?"

"ಸಾರ್, ಆ ಗೋಡೆ ಹಿಂದೆ ಮಗು..."

"ಇವರ ಮಕ್ಕಳು ಎಲ್ಲಿ ಬೇಕಾದ್ರೂ ಮಲಗ್ತವೆ ಕಣಯ್ಯ. ನೀನು ಬೋಲ್ಟು ಬಿಗಿ."

ಕರಿ ಪಂಪು ಗೋಡೆಯ ಬುಡದಲ್ಲಿ ಕೂತಿತು. ಮತ್ತೆ ಗುಡುಗು ಶುರುವಾದಾಗ ಮಾಲಿ ಬಾಗಿಲಿಗೆ ಬಂದು ನಿಂತ. ಮಗು ಅಮ್ಮನ ಕುತ್ತಿಗೆಯನ್ನು ತಬ್ಬಿ, ಮುಖ ಕೆಂಪೇರಿಸಿಕೊಂಡು ಅರಚುತ್ತಿತ್ತು.

"ಕಿಂಡಿಗೆ ಬಟ್ಟೆ ತುರುಕ್ಲೇನೇ?" ಎಂದ.

"ಗೋಡೆಗೆ ಏನು ತುರುಕ್ತೀಯಾ? ಮಂಚದ ಆ ತುದಿ ಹಿಡಿ."

"ಯಾಕೆ?"

"ಅವರೇ ಅಂದ್ರಲ್ಲ, ಎಲ್ಲಿ ಬೇಕಾದ್ರೂ ಅಂತ."

"ಸುಮ್ನಿರೇ ಮಾರಾಯ್ತಿ. ಇರೋ ಸೂರೂ ಹೋಗುತ್ತೆ."

"ಮಗು ಮಲಗೋಕಾಗ್ದೇ ಇರೋದು ಯಾವ ಸೂರು? ಹಿಡೀತೀಯೋ, ಒಬ್ಬಳೇ ಎಳ್ಕೊಂಡು ಹೋಗ್ಲೋ?"

ಅವನು ಅವಳನ್ನು ನೋಡಿದ. ಅರಚಿ ಅರಚಿ ಸ್ವರ ಕಟ್ಟಿದ ಮಗುವನ್ನು ನೋಡಿದ. ಬಾಗಿ ಮಂಚದ ತುದಿ ಹಿಡಿದ. ಅವಳು ಮಗುವನ್ನು ಸೊಂಟಕ್ಕೇರಿಸಿ, ಒಂದೇ ಕೈಯಲ್ಲಿ ಇನ್ನೊಂದು ತುದಿ ಎತ್ತಿದಳು.

ಮಂಚ ಬಾಗಿಲು ದಾಟಿತು, ಹುಲ್ಲುಹಾಸು ದಾಟಿತು. ಕೊಳದ ಅಂಚಿನ ಟೈಲ್ಸಿನ ಮೇಲೆ ಅದರ ಕಬ್ಬಿಣದ ಕಾಲು ಕರ್ರೆಂದು ಗೀರಿ, ಒರಗುಕುರ್ಚಿಯ ಮಗ್ಗುಲಿಗೇ ನಿಂತಿತು. ಅವಳು ಮಗುವನ್ನು ಮಲಗಿಸಿ, ಸೆರಗು ಹೊದಿಸಿ, ತಟ್ಟತೊಡಗಿದಳು.

ಒಳಗೆ ಹೋಗಿದ್ದ ಯಜಮಾನ ಈಜುಚಡ್ಡಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ. ಮಂಚ ನೋಡಿ ನಿಂತುಬಿಟ್ಟ.

"ಏನೋ ಇದು, ಬೋಳಿಮಗನೇ? ಎತ್ತೋ ಇದನ್ನ!"

ಮಾಲಿಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅಲ್ಲೇ ನಿಂತಿತು. ಅವನು ಮಂಚದ ಕಾಲ್ದೆಸೆಯಲ್ಲಿ ಇಡೀ ಭಾರ ಬಿಟ್ಟು ಕೂತ. ಮಣ್ಣಾದ ಅವನ ಎರಡೂ ಪಾದ ಟೈಲ್ಸಿನ ಮೇಲಿದ್ದವು.

"ನಿಜ ಸ್ವಾಮಿ," ಎಂದಳು ಅವಳು. "ಇಲ್ಲಿಗೆ ಏನೇನೂ ಕೇಳಿಸಲ್ಲ."

"ಖಾಲಿ ಮಾಡಿ! ಈಗ್ಲೇ ಕೋಣೆ ಖಾಲಿ ಮಾಡಿ, ಇಬ್ಬರೂ!"

"ಮಾಡ್ತೀವಿ. ಮಗು ಏಳ್ಲಿ."

ಯಜಮಾನ ಇನ್ನೊಮ್ಮೆ ಬಾಯಿ ತೆರೆದ. ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು ಅವನನ್ನೇ ನೋಡಿದಳು.

"ಶ್ಶ್," ಎಂದಳು. "ಮೆಲ್ಲಗೆ."